ಥೈರಾಯ್ಡ್ ಕಡಿಮೆಯೇ? ಮೊದಲು ಬೆಳಗಿನ ಕಾಫಿಯ ಹೊತ್ತು ಬದಲಿಸಿ

ಥೈರಾಯ್ಡ್ ಕಡಿಮೆ ಎಂದು ರಿಪೋರ್ಟ್ ಬಂದರೆ ಸಾಕು, ಕೋಸು ಬೇಡ, ಮೂಲಂಗಿ ಬೇಡ ಎಂದು ನೆಂಟರಿಷ್ಟರೆಲ್ಲ ಹೇಳತೊಡಗುತ್ತಾರೆ. ಆಗಲೇ ಸುಸ್ತಾಗಿರುವವರ ತಟ್ಟೆಯನ್ನು ಹೀಗೆ ಬರಿದು ಮಾಡುವುದು ನನಗೆ ಸರಿಕಾಣುವುದಿಲ್ಲ. ಏನು ತಿನ್ನಬೇಕು ಎನ್ನುವುದಕ್ಕಿಂತ ಮುಂಚೆ ಯಾವಾಗ ತಿನ್ನಬೇಕು ಎನ್ನುವುದನ್ನು ಸರಿಮಾಡಿಕೊಳ್ಳಿ.

ಹಂತ 1: ಮಾತ್ರೆ ಮೊದಲು, ಕಾಫಿ ಆಮೇಲೆ

ವೈದ್ಯರು ಥೈರಾಯ್ಡ್‌ಗೆ ಬರೆದುಕೊಟ್ಟ ಲೆವೊಥೈರಾಕ್ಸಿನ್ ಮಾತ್ರೆಯನ್ನು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ. ಮುಂದಿನ ಅರ್ಧದಿಂದ ಒಂದು ಗಂಟೆ ಬೇರೇನೂ ಬೇಡ. ಕಾಫಿ ಕುಡಿದರೆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಕೂಡ ಅದಕ್ಕೆ ಅಡ್ಡ, ಹಾಗಾಗಿ ಹಾಲೂ ಆಮೇಲೆಯೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬೆಳಗಿನ ರಾಗಿ ಗಂಜಿ ಬಿಡಬೇಕಿಲ್ಲ, ಒಂದು ಗಂಟೆ ತಡವಾಗಿ ಕುಡಿದರಾಯಿತು.

ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಅವನ್ನು ಮಧ್ಯಾಹ್ನಕ್ಕೋ ರಾತ್ರಿಗೋ ಇಟ್ಟುಕೊಳ್ಳಿ. ಡೋಸ್ ಹೆಚ್ಚಿಸಿದರೂ, ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಇಳಿಯುತ್ತಿಲ್ಲವೆಂದರೆ ಈ ಅಂತರವನ್ನೇ ಮೊದಲು ನೋಡಬೇಕು.

ಹಂತ 2: ಉಪ್ಪಿನ ಡಬ್ಬಿ ನೋಡಿ

ಥೈರಾಯ್ಡ್ ಗ್ರಂಥಿ ಕೆಲಸ ಮಾಡಲು ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಗರ್ಭಿಣಿಯರಿಗೆ 250. ಕಲ್ಲುಪ್ಪು, ಸೈಂಧವ ಲವಣವನ್ನು ಒಳ್ಳೆಯದೆಂದು ತರುವವರಿದ್ದಾರೆ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆದಿಲ್ಲದಿದ್ದರೆ ಅಡುಗೆಗೆ ಅದನ್ನೊಂದನ್ನೇ ನೆಚ್ಚಬೇಡಿ. ಅಯೋಡಿನ್ ಆರಿಹೋಗದಂತೆ ಡಬ್ಬಿಗೆ ಬಿಗಿ ಮುಚ್ಚಳವಿರಲಿ, ಸಾರಿಗೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿ. ಹಾಗೆಂದು ಉಪ್ಪು ಹೆಚ್ಚಿಸಬೇಡಿ, ಅಯೋಡಿನ್ ಮಾತ್ರೆಯನ್ನೂ ನೀವಾಗಿಯೇ ತೆಗೆದುಕೊಳ್ಳಬೇಡಿ. ಅನೇಕರಲ್ಲಿ ಥೈರಾಯ್ಡ್ ಕಡಿಮೆಯಾಗಲು ಕಾರಣ ಹಶಿಮೊಟೊ ಕಾಯಿಲೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು. ಅಂಥವರಿಗೆ ಅಯೋಡಿನ್ ಅತಿಯಾದರೆ ತೊಂದರೆ ಇನ್ನೂ ಹೆಚ್ಚಬಹುದು.

ಹಂತ 3: ಕೋಸಿನ ಭಯ ಬಿಡಿ

ಎಲೆಕೋಸು, ಹೂಕೋಸು ಬೇಯಿಸಿದಾಗ ಅವುಗಳಲ್ಲಿ ಥೈರಾಯ್ಡ್‌ಗೆ ಅಡ್ಡಿಯಾಗುವ ಅಂಶ ಬಹಳಷ್ಟು ತಗ್ಗುತ್ತದೆ. ಪಲ್ಯ ಧಾರಾಳವಾಗಿ ತಿನ್ನಿ; ಹಸಿಕೋಸಿನ ಜ್ಯೂಸನ್ನು ಮಾತ್ರ ದಿನಾ ಕುಡಿಯಬೇಡಿ. ಸಜ್ಜೆಯ ಕತೆ ಬೇರೆ, ಅದರಲ್ಲಿರುವ ಅಂಥ ಅಂಶ ಬೇಯಿಸಿದರೂ ಉಳಿಯುತ್ತದೆ. ಸಜ್ಜೆ ರೊಟ್ಟಿ ಬಲ್ಲವರಿಗೆ ಅದನ್ನು ಬಿಡಿ ಎನ್ನಲಾರೆ. ಮೂರು ಹೊತ್ತೂ ಅದೇ ಆಗದೆ ಜೋಳದ ರೊಟ್ಟಿಯೂ ನಡುವೆ ಬರಲಿ. ಸೋಯಾ ತಿನ್ನುವುದಾದರೆ ಮಾತ್ರೆಯಿಂದ ದೂರವಿಡಿ.

ಹಂತ 4: ತಟ್ಟೆ ತುಂಬಿಸಿ

ಥೈರಾಯ್ಡ್ ಕಡಿಮೆ ಇರುವವರಲ್ಲಿ ಮಲಬದ್ಧತೆ ಸಾಮಾನ್ಯ. ಬಸ್ಸಾರು, ಸೊಪ್ಪಿನ ಪಲ್ಯ, ಹೆಸರುಬೇಳೆ ಕೋಸಂಬರಿ, ಸಾಕಷ್ಟು ನೀರು ಇವೇ ಅದಕ್ಕೆ ಮದ್ದು. ಗ್ರಂಥಿಗೆ ಬೇಕಾದ ಸೆಲೆನಿಯಂ ಮೊಟ್ಟೆ, ಮೀನುಗಳಲ್ಲಿದೆ. ಕರಾವಳಿಯವರಿಗೆ ಬಂಗಡೆ, ಬೂತಾಯಿ ಇದ್ದೇ ಇವೆ. ಸಸ್ಯಾಹಾರಿಗಳು ದಿನಾ ಒಂದು ಹೊತ್ತು ಹುರುಳಿ, ಅಲಸಂದೆ, ಅವರೆ ಹೀಗೆ ಯಾವುದಾದರೂ ಕಾಳು ತಿನ್ನಿ, ಬಿ12 ಕಡಿಮೆ ಇದೆಯೇ ಎಂದು ವೈದ್ಯರನ್ನು ಕೇಳಿ.

ಹಂತ 5: ರಕ್ತ ಪರೀಕ್ಷೆ

ಡೋಸ್ ಬದಲಾದರೆ ಆರರಿಂದ ಎಂಟು ವಾರ ಕಳೆದ ಮೇಲೆ ಟಿಎಸ್‌ಎಚ್ ನೋಡಿಸಿ. ಕೂದಲು ಉದುರುತ್ತದೆಂದು ಬಯೋಟಿನ್ ನುಂಗುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲವಾದರೆ ರಿಪೋರ್ಟ್ ತಪ್ಪಾಗಿ ಬರಬಹುದು. ಮೈ ಹಗುರಾಯಿತೆಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಮಾತ್ರೆಯ ಕೆಲಸವನ್ನು ಯಾವ ಸೊಪ್ಪೂ ಕಾಳೂ ಮಾಡಲಾರದು.