ಭತ್ತದ ಹುಲ್ಲಿನಿಂದ ಸಿಬಿಜಿ: ಒಂದು ಕೊಡೇಕಲ್ ಲೆಕ್ಕ

ಕೊಡೇಕಲ್ ಅಂದ ಕೂಡಲೇ ಬಸವಣ್ಣನವರ ಕಾಲಜ್ಞಾನ ನೆನಪಾಗುತ್ತದೆ. ಯಾದಗಿರಿ ಜಿಲ್ಲೆಯ ಈ ಭಾಗದಲ್ಲಿ ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರಿಗೆ ಭತ್ತವೂ ಬೆಳೆಯುತ್ತದೆ. ಕೈಯಿಂದ ಕೊಯ್ಯುವಾಗ ಹುಲ್ಲು ಬಣವೆ ಸೇರುತ್ತಿತ್ತು. ಮಷೀನ್ ಕಟಾವಾದರೆ ಹುಲ್ಲು ಗದ್ದೆ ತುಂಬಾ ಚೆಲ್ಲಿ ಬೀಳುತ್ತದೆ. ಅದನ್ನು ಒಟ್ಟು ಮಾಡೋಕೆ ಕೂಲಿ ಬೇಕು, ಮುಂದಿನ ಬೆಳೆಗೆ ಟೈಮ್ ಇರಲ್ಲ. ಆಗ ಕಡ್ಡಿ ಗೀರೋದೇ ಅಗ್ಗ. ಅದೇ ಹುಲ್ಲಿನಿಂದ ಗಾಡಿ ಓಡಿಸೋ ಗ್ಯಾಸ್ ಮಾಡೋದು ಹೇಗೆ, ನೋಡೋಣ.

ಗ್ಯಾಸ್ ಹೇಗೆ ಬರುತ್ತದೆ?

ಗಾಳಿ ಆಡದ ಡೈಜೆಸ್ಟರ್ ಒಳಗೆ ಬ್ಯಾಕ್ಟೀರಿಯಾಗಳು ಹುಲ್ಲಿನ ದೊಡ್ಡ ಅಣುಗಳನ್ನು ಒಡೆದು ಸಕ್ಕರೆ, ಆಮ್ಲ ಮಾಡುತ್ತವೆ. ಕೊನೆಗೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಸರದಿ. ಇವಕ್ಕೆ ಸುಮಾರು 35ರಿಂದ 40 ಡಿಗ್ರಿ ಬಿಸಿ ಇಷ್ಟ. ಕಾರ್ಬನ್-ನೈಟ್ರೋಜನ್ ಅನುಪಾತ 20ರಿಂದ 30ರ ಒಳಗೆ ಇರಬೇಕು. ಭತ್ತದ ಹುಲ್ಲಿನಲ್ಲಿ ಕಾರ್ಬನ್ ತುಂಬಾ ಜಾಸ್ತಿ, ಅದಕ್ಕೇ ಸಗಣಿ ಬೆರೆಸೋದು. ಲಿಗ್ನಿನ್ ಇರೋದ್ರಿಂದ ಹುಲ್ಲು ಬೇಗ ಕೊಳೆಯಲ್ಲ, ಹಾಗೇ ಹಾಕಿದರೆ ಮೇಲೆ ತೇಲಿ ಕೆನೆ ಕಟ್ಟುತ್ತದೆ. ಸಣ್ಣಗೆ ಕತ್ತರಿಸಲೇಬೇಕು.

ಹೀಗೆ ಬಂದ ಗ್ಯಾಸ್‌ನಲ್ಲಿ ಮೀಥೇನ್ ಸುಮಾರು 55ರಿಂದ 60 ಶೇಕಡಾ, ಉಳಿದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಎಂಜಿನ್ ತುಕ್ಕು ಹಿಡಿಸೋ ಹೈಡ್ರೋಜನ್ ಸಲ್ಫೈಡ್ ಕೂಡ ಸ್ವಲ್ಪ ಇರುತ್ತದೆ. ಇವನ್ನು ತೆಗೆದು ಮೀಥೇನ್ 90 ಶೇಕಡಾ ದಾಟಿಸಿ, ಸುಮಾರು 250 ಬಾರ್ ಒತ್ತಡಕ್ಕೆ ತುಂಬಿದರೆ ಸಿಬಿಜಿ ರೆಡಿ. ಸಿಎನ್‌ಜಿ ಗಾಡಿಗೆ ನೇರವಾಗಿ ಹಾಕಬಹುದು. ಇದನ್ನು ತೈಲ ಕಂಪನಿಗಳು ಕೊಳ್ಳಲೆಂದೇ 2018ರ ಅಕ್ಟೋಬರ್ 1ರಂದು 'ಸತತ್' ಯೋಜನೆ ಶುರುವಾಯಿತು.

ಈಗ ಲೆಕ್ಕ

ಪಂಜಾಬಿನ ಲೆಹ್ರಾಗಾಗಾದಲ್ಲಿ 2022ರಲ್ಲಿ ಉದ್ಘಾಟನೆಯಾದ ಘಟಕದ ವಿನ್ಯಾಸ ದಿನಕ್ಕೆ 300 ಟನ್ ಹುಲ್ಲಿಗೆ 33 ಟನ್ ಸಿಬಿಜಿ. ಅಂದ್ರೆ ಸುಮಾರು 9 ಟನ್ ಹುಲ್ಲಿಗೆ 1 ಟನ್ ಗ್ಯಾಸ್. ಕೊಡೇಕಲ್ ಕಡೆ ದಿನಕ್ಕೆ 5 ಟನ್‌ನ ಘಟಕ ಇಟ್ಟುಕೊಳ್ಳಿ: ದಿನಕ್ಕೆ 45 ಟನ್ ಹುಲ್ಲು, ವರ್ಷಕ್ಕೆ 300 ದಿನ ಅಂದರೆ 13,500 ಟನ್. ಎಕರೆಗೆ 2 ಟನ್ ಹುಲ್ಲು ಅಂತ ಹಿಡಿದರೆ 6,750 ಎಕರೆ ಬೇಕು. ಅರ್ಧ ಹುಲ್ಲು ದನಗಳ ಮೇವಿಗೆ ಬಿಟ್ಟರೆ 13,500 ಎಕರೆ! ಇಷ್ಟನ್ನೂ ಕಟಾವಿನ ಕೆಲವೇ ವಾರಗಳಲ್ಲಿ ಕಟ್ಟಿ, ಮಳೆ ತಾಗದಂತೆ ವರ್ಷವಿಡೀ ಇಡಬೇಕು. ಕೆಮಿಸ್ಟ್ರಿಗಿಂತ ಇದೇ ಕಷ್ಟದ ಕೆಲಸ.

ಪುರದ ಪಾಠ

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಐಐಎಸ್‌ಸಿಯ 'ಅಸ್ತ್ರ' ತಂಡ ಸಗಣಿ ಗ್ಯಾಸ್ ಘಟಕ ಕಟ್ಟಿತ್ತು. ಅಮೂಲ್ಯ ರೆಡ್ಡಿ ಅದರ ಹಿಂದಿದ್ದ ವಿಜ್ಞಾನಿ. ಮೊದಲು ಅಡುಗೆಗೆ ಅಂತ ಹೊರಟ ಯೋಜನೆ ನಡೆಯಲಿಲ್ಲ. ಊರವರಿಗೆ ಬೇಕಿದ್ದದ್ದು ನೀರು. 1987ರಿಂದ ಅದೇ ಗ್ಯಾಸ್‌ನಲ್ಲಿ ಎಂಜಿನ್ ಓಡಿಸಿ ಕರೆಂಟ್, ನೀರು ಕೊಟ್ಟರು. ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ವಾಪಸ್ ಬಂತು.

ಕೊಡೇಕಲ್‌ಗೂ ಇದೇ ಮಾತು. ಹುಲ್ಲು ಒಯ್ದವರು ಬಗ್ಗಡ ವಾಪಸ್ ಕೊಡದಿದ್ದರೆ ಮಣ್ಣಿನ ಸಾರ ಹೋಗುತ್ತದೆ. ರೈತರಿಗೆ ಹಣ ಸಿಗದಿದ್ದರೆ ಬೆಂಕಿಯೂ ನಿಲ್ಲಲ್ಲ. ಪ್ರಾಜೆಕ್ಟ್ ಹುಡುಕ್ತಿರೋರೇ, ಡೈಜೆಸ್ಟರ್ ಡಿಸೈನ್ ಜೊತೆಗೆ ಹುಲ್ಲು ಕಟ್ಟುವ, ಕೂಡಿಡುವ ಖರ್ಚನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ.