ಗಾಳದ ಹಿಂದಿನ ಲೆಕ್ಕ: ಸ್ಟ್ರೈಪ್ಡ್ ಬಾಸ್ ಕಲಿಸುವ ಪಾಠ

ಮೀನು ಹಿಡಿಯೋಕೆ ಇಂಜಿನಿಯರಿಂಗ್ ಯಾಕೆ ಬೇಕು? ಗಾಳ, ದಾರ, ಎರೆಹುಳು ಇದ್ದರೆ ಸಾಕಲ್ಲ ಅನ್ನಬಹುದು. ಆದರೆ ಎರೆಯೇ ಇಲ್ಲದೆ, ಪುಕ್ಕ ಕಟ್ಟಿದ ಕೊಕ್ಕೆಯಿಂದಲೋ ಮರದ ತುಂಡಿನಿಂದಲೋ ಹತ್ತಿಪ್ಪತ್ತು ಕಿಲೋ ಮೀನನ್ನು ಹಿಡಿಯಬೇಕೆಂದರೆ, ನಾವು ಓದಿದ ಮೆಕ್ಯಾನಿಕ್ಸ್ ಎಲ್ಲಾ ಕೆಲಸಕ್ಕೆ ಬರುತ್ತೆ. ಅಮೆರಿಕದ ಪೂರ್ವ ಕರಾವಳಿಯ ಸ್ಟ್ರೈಪ್ಡ್ ಬಾಸ್ ಮೀನನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೀನು ಎಲ್ಲಿ ನಿಲ್ಲುತ್ತೆ?

ಬೆಳ್ಳಿ ಮೈ, ಪಕ್ಕದಲ್ಲಿ ಏಳೆಂಟು ಕಪ್ಪು ಗೆರೆ. ಹೆಸರು ಬಂದದ್ದೇ ಅದರಿಂದ. ಸಮುದ್ರದಲ್ಲಿ ಬೆಳೆಯುವ ಈ ಮೀನು ವಸಂತದಲ್ಲಿ ಮೊಟ್ಟೆಯಿಡಲು ನದಿಗೆ ಬರುತ್ತದೆ. ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳು, ಡೆಲವೇರ್ ಮತ್ತು ಹಡ್ಸನ್ ಇದರ ಮುಖ್ಯ ತವರು. ಆಮೇಲೆ ದೊಡ್ಡ ಮೀನುಗಳು ಉತ್ತರಕ್ಕೆ ಹೊರಟು ಬೇಸಿಗೆಯನ್ನು ಕೇಪ್ ಕಾಡ್, ಮೇನ್ ಕಡೆ ಕಳೆಯುತ್ತವೆ. ಅಲ್ಲಿನ ಬೇಸಿಗೆ ಅಂದ್ರೆ ಜೂನ್‌ನಿಂದ ಆಗಸ್ಟ್, ನಮಗೆ ಮಳೆಗಾಲ.

ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ 12 ನಿಮಿಷ. ಮೀನುಗಾರ ಗಮನಿಸೋದು ನೀರಿನ ಎತ್ತರಕ್ಕಿಂತ ಅದರ ಹರಿವನ್ನು. ಸೆಳೆತ ಜೋರಾದಾಗ ಸಣ್ಣ ಮೀನುಗಳು ಈಜಲಾರದೆ ತೇಲಿ ಬರುತ್ತವೆ. ಬಾಸ್ ಬಂಡೆಯ ಹಿಂದಿನ ಸುಳಿಯಲ್ಲಿ ಹೆಚ್ಚು ಶಕ್ತಿ ಖರ್ಚು ಮಾಡದೆ ನಿಂತು, ಬಂದದ್ದನ್ನು ನುಂಗುತ್ತದೆ. ಬೇಸಿಗೆಯ ಹಗಲಲ್ಲಿ ದಡದ ನೀರು ಬಿಸಿಯಾಗುವುದರಿಂದ ರಾತ್ರಿ ಮತ್ತು ಬೆಳಗಿನ ಜಾವವೇ ಒಳ್ಳೆಯ ಹೊತ್ತು.

ಲೂರ್ ಎಸೆಯೋದು, ಫ್ಲೈ ಎಸೆಯೋದು

ಐವತ್ತು ಅರವತ್ತು ಗ್ರಾಂ ತೂಗುವ ಮರದ ಲೂರ್ ಎಸೆದರೆ, ಅದೇ ತನ್ನ ಹಿಂದೆ ತೆಳು ದಾರವನ್ನು ಎಳೆದುಕೊಂಡು ಹೋಗುತ್ತೆ. ಕಲ್ಲು ಎಸೆದ ಹಾಗೆ, ಪ್ರೊಜೆಕ್ಟೈಲ್ ಲೆಕ್ಕ. ಫ್ಲೈ ಹಾಗಲ್ಲ. ಅದಕ್ಕೆ ತೂಕ ಕಡಿಮೆ, ಗಾಳಿಯ ತಡೆ ಜಾಸ್ತಿ. ಹಾಗಾಗಿ ಇಲ್ಲಿ ನಾವು ನಿಜವಾಗಿ ಎಸೆಯೋದು ದಾರವನ್ನು. ಫ್ಲೈ ಅದರ ಬೆನ್ನು ಹಿಡಿದು ಹೋಗುತ್ತದೆ. ಈ ಮೀನಿಗೆ ಸಾಮಾನ್ಯವಾಗಿ ಬಳಸುವ 9ನೇ ನಂಬರಿನ ದಾರದ ಮೊದಲ 30 ಅಡಿ 240 ಗ್ರೇನ್, ಅಂದ್ರೆ ಸುಮಾರು 15.5 ಗ್ರಾಂ ತೂಗುತ್ತದೆ. ಕೋಲನ್ನು ಬೀಸಿ ತಟ್ಟನೆ ನಿಲ್ಲಿಸಿದರೆ, ದಾರ ಚಾಟಿಯಂತೆ ಮಡಿಕೆ ಬಿಚ್ಚುತ್ತಾ ಮುಂದೆ ಸಾಗುತ್ತೆ.

ನೀರಿಗೆ ಬಿದ್ದ ಮೇಲಿನ ಕೆಲಸವೂ ಸೊಗಸು. ಕೆಲವು ಲೂರ್‌ಗಳ ಮುಂಭಾಗದಲ್ಲಿ ಓರೆಯಾದ ತಗಡಿನ ತುಟಿ ಇರುತ್ತೆ. ಎಳೆದಾಗ ನೀರು ಅದನ್ನು ಒತ್ತಿ ಲೂರ್ ಮುಳುಗುತ್ತದೆ, ಜೊತೆಗೆ ಅತ್ತಿತ್ತ ಒಲೆಯುತ್ತದೆ. ಮೀನಿನ ಮೈಯುದ್ದಕ್ಕೂ ಇರುವ ಪಾರ್ಶ್ವ ರೇಖೆ ಆ ಕಂಪನವನ್ನು ಕತ್ತಲಲ್ಲೂ ಹಿಡಿಯಬಲ್ಲದು. 1980ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ತಮ್ಮ ಫ್ಲೈಗೆ ಸೀಸದ ಕಣ್ಣು ಕಟ್ಟಿದರು. ಗುರುತ್ವ ಕೇಂದ್ರ ಮುಂದಕ್ಕೆ ಬಂತು: ಎಳೆದರೆ ಏಳುತ್ತೆ, ಬಿಟ್ಟರೆ ಮೂಗು ಕೆಳಗಾಗಿ ಇಳಿಯುತ್ತೆ. ಕೊಕ್ಕೆಯ ಮೊನೆಯೂ ಮೇಲ್ಮುಖವಾಗಿ, ತಳದ ಕಲ್ಲಿಗೆ ಸಿಕ್ಕಿಕೊಳ್ಳೋದು ಕಡಿಮೆಯಾಯ್ತು.

ಬಿಟ್ಟ ಮೀನು ಬದುಕುತ್ತಾ?

ನಿಜವಾದ ಪ್ರಶ್ನೆ ಇದು. ಅತಿಯಾಗಿ ಹಿಡಿದು 1980ರ ಹೊತ್ತಿಗೆ ಈ ಮೀನಿನ ಸಂತತಿ ಕುಸಿದಿತ್ತು. 1984ರಲ್ಲಿ ರಕ್ಷಣಾ ಕಾಯ್ದೆ ಬಂತು. ಮೇರಿಲ್ಯಾಂಡ್ 1985ರಿಂದ 1990ರವರೆಗೆ ಹಿಡಿಯುವುದನ್ನೇ ನಿಷೇಧಿಸಿತು. 1995ರಲ್ಲಿ ಸಂತತಿ ಚೇತರಿಸಿತೆಂದು ಘೋಷಣೆಯಾಯಿತು. 2019ರ ಅಂದಾಜಿನಲ್ಲಿ ಮತ್ತೆ ಅದೇ ಕಥೆ. 2024ರ ನಿಯಮದಂತೆ ಸಾಗರ ತೀರದಲ್ಲಿ ಹವ್ಯಾಸಿ ಮೀನುಗಾರ ದಿನಕ್ಕೆ ಒಂದೇ ಮೀನು ಒಯ್ಯಬಹುದು, ಅದೂ 28ರಿಂದ 31 ಇಂಚಿನೊಳಗಿನದು. ಅತಿ ಹೆಚ್ಚು ಮೊಟ್ಟೆಯಿಡುವುದು ದೊಡ್ಡ ಹೆಣ್ಣು ಮೀನುಗಳೇ ಆದ್ದರಿಂದ ಮೇಲಿನ ಮಿತಿಯೂ ಬೇಕಾಯ್ತು.

ಹಾಗಾದ್ರೆ ಉಳಿದದ್ದನ್ನೆಲ್ಲ ಹಿಡಿದು ಬಿಟ್ಟರೆ ಪಾಪವಿಲ್ಲವೇ? ಲೆಕ್ಕ ನೋಡಿ. ಬಿಟ್ಟ ಮೀನುಗಳಲ್ಲಿ ಸರಾಸರಿ ನೂರಕ್ಕೆ 9 ಆಮೇಲೆ ಸಾಯುತ್ತವೆಂದು ವಿಜ್ಞಾನಿಗಳು ಲೆಕ್ಕ ಹಿಡಿಯುತ್ತಾರೆ. ಒಂದೇ ರಾತ್ರಿ 20 ಹಿಡಿದು 20 ಬಿಟ್ಟವನ ಪಾಲಿಗೆ ಸುಮಾರು ಎರಡು ಸಾವು. ಒಂದನ್ನು ಹಿಡಿದು ಮನೆಗೆ ಹೋದವನ ಪಾಲಿಗೆ ಒಂದು!

ಬಿಸಿ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾದದ್ದು ಹೆಚ್ಚು. ಹಾಗಾಗಿ ಹೋರಾಟ ಬೇಗ ಮುಗಿಯಬೇಕು, ಸಲಕರಣೆ ಗಟ್ಟಿ ಇರಬೇಕು. ರೀಲಿನ ಬ್ರೇಕನ್ನು ದಾರದ ತಾಳಿಕೆಯ ಮೂರನೇ ಒಂದು ಭಾಗದಷ್ಟಕ್ಕೆ ಇಡುವುದು ರೂಢಿ: 9 ಕೆಜಿ ದಾರಕ್ಕೆ 3 ಕೆಜಿ. ಉಳಿದದ್ದು ಯಾಕೆ ಬೇಕು? ಬ್ರೇಕಿನ ಟಾರ್ಕ್ ಸ್ಥಿರ, ಆದರೆ ಮೀನು ಓಡಿ ದಾರ ಖಾಲಿಯಾದಂತೆ ಸುತ್ತಿನ ವ್ಯಾಸ ಇಳಿಯುತ್ತೆ. ವ್ಯಾಸ 8 ಸೆಂ.ಮೀ.ನಿಂದ 5ಕ್ಕೆ ಇಳಿದರೆ 3 ಕೆಜಿ ಎಳೆತ 4.8 ಕೆಜಿ ಆಗುತ್ತೆ. ನಮ್ಮ ಡಿಸೈನ್ ಕ್ಲಾಸಿನ ಫ್ಯಾಕ್ಟರ್ ಆಫ್ ಸೇಫ್ಟಿ ಅಂದ್ರೆ ಇದೇ.

ಇದರ ಜೊತೆಗೆ ಒಂಟಿ ಕೊಕ್ಕೆ, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುವುದು, ಒದ್ದೆ ಕೈಯಲ್ಲಿ ಹಿಡಿಯುವುದು, ಸಾಧ್ಯವಾದಷ್ಟೂ ಮೀನನ್ನು ನೀರಲ್ಲೇ ಇಡುವುದು. ನೀರು ತೀರಾ ಬಿಸಿಯಾದ ದಿನ ಗಾಳವನ್ನೇ ಎತ್ತಿಡುವುದು. ಎಷ್ಟು ಹಿಡಿದೆವು ಅನ್ನೋದರ ಜೊತೆಗೆ, ಬಿಟ್ಟದ್ದರಲ್ಲಿ ಎಷ್ಟು ಉಳಿಯುತ್ತವೆ ಅನ್ನೋದೂ ನಮ್ಮ ಲೆಕ್ಕದಲ್ಲಿರಲಿ.