ತೊಟ್ಟಿಯ ಮುಚ್ಚಳ



ಹೋದ ಮಳೆಗಾಲದಲ್ಲಿ ಶಾಲೆಯ ಅಂಗಳದ ಗುಂಡಿಯಲ್ಲಿ ನೀರು ನಿಂತು, ನೆಲಗಪ್ಪೆಗಳು ಮಣಿಸರದಂಥ ಮೊಟ್ಟೆಗಳನ್ನಿಟ್ಟಿದ್ದವು. ಗುಂಡಿ ಬತ್ತುವ ಮೊದಲೇ ಕೆಲವು ಗೊದಮೊಟ್ಟೆಗಳನ್ನು ಗಾಜಿನ ತೊಟ್ಟಿಗೆ ತಂದು ತರಗತಿಯಲ್ಲಿಟ್ಟೆವು. ಕೆಲವು ವಾರಗಳಲ್ಲಿ ಕಾಲು ಮೂಡಿ, ಬಾಲ ಕರಗಿ, ಕಡಲೆಕಾಯಿ ಬೀಜದಷ್ಟು ಪುಟ್ಟ ಮರಿಗಳಾದವು. ಒಂದು ಶನಿವಾರ ಮುಚ್ಚಳದ ಮೇಲೆ ಭಾರವಿಡಲು ನಾವು ಮರೆತೆವು. ಸೋಮವಾರ ಬಂದು ನೋಡಿದರೆ ತೊಟ್ಟಿ ಖಾಲಿ. ಬೀರುವಿನ ಅಡಿಯಲ್ಲಿ ಐದಾರು ಮರಿಗಳು ಧೂಳು ಮೆತ್ತಿಕೊಂಡು ಒಣಗಿಹೋಗಿದ್ದವು. ತಪ್ಪು ನಮ್ಮದು. ಅದು ಮತ್ತೆ ಆಗದಿರಲೆಂದು ಈ ಪಾಠವನ್ನು ಬರೆದಿದ್ದೇವೆ.

ಉಭಯವಾಸಿ ಎಂದರೇನು?

‘ಉಭಯ’ ಎಂದರೆ ಎರಡು. ನೀರು, ನೆಲ ಎರಡರಲ್ಲಿಯೂ ಬಾಳುವುದು ಉಭಯವಾಸಿ. ಕಪ್ಪೆ ನಮಗೆಲ್ಲ ಗೊತ್ತು. ಅದರ ಬಳಗದ ಇನ್ನೊಂದು ಪ್ರಾಣಿ ಸ್ಯಾಲಮ್ಯಾಂಡರ್. ನೋಟಕ್ಕೆ ಹಲ್ಲಿಯಂತಿದ್ದರೂ ಅದಕ್ಕೆ ಹುರುಪೆಯಿಲ್ಲ, ಚರ್ಮ ಒದ್ದೆ. ನಮ್ಮ ಸೀಮೆಯಲ್ಲಿ ಅದಿಲ್ಲ. ಡಾರ್ಜಿಲಿಂಗ್, ಸಿಕ್ಕಿಂ ಕಡೆಯ ತಂಪು ಬೆಟ್ಟಗಳಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ, ಹಿಡಿದು ಸಾಕುವಂತಿಲ್ಲ. ಹೊರದೇಶಗಳಲ್ಲಿ ಬೇರೆ ಜಾತಿಯವನ್ನು ಮನೆಯಲ್ಲಿ ಸಾಕುವವರಿದ್ದಾರೆ. ಅವರಿಗೂ ನಮ್ಮಂತೆಯೇ ಇದು ತಪ್ಪಿಸಿಕೊಳ್ಳುವ ಚಿಂತೆ.

ಏಕೆ, ಹೇಗೆ ತಪ್ಪಿಸಿಕೊಳ್ಳುತ್ತವೆ?

ಒದ್ದೆ ಹೊಟ್ಟೆ ಗಾಜಿಗೆ ಅಂಟುತ್ತದೆ. ಎರಡು ಗಾಜುಗಳು ಕೂಡುವ ಮೂಲೆಯಲ್ಲಿ ಮೈಯೊತ್ತಿ ಏರುವುದು ಇನ್ನೂ ಸುಲಭ. ತಲೆ ತೂರುವಷ್ಟು ಸಂದು ಸಿಕ್ಕರೆ ಮೈಯೂ ತೂರುತ್ತದೆ. ಇವು ಓಡಾಡುವುದು ಹೆಚ್ಚಾಗಿ ರಾತ್ರಿ, ನಾವು ಮಲಗಿದ ಮೇಲೆ. ನೀರು ಕೊಳೆತರೆ, ಬಿಸಿಯಾದರೆ, ಒಂದೇ ತೊಟ್ಟಿಯಲ್ಲಿ ಬಹಳ ಜೀವಿಗಳಿದ್ದರೆ, ಹಸಿವಾದರೆ ಹೊರದಾರಿ ಹುಡುಕುತ್ತವೆ. ಆದುದರಿಂದ ಮೊದಲು ತೊಟ್ಟಿಯ ಒಳಗನ್ನು ಸರಿಪಡಿಸಬೇಕು.

ನಾವು ಮಾಡಬೇಕಾದುದು

1. ತೊಟ್ಟಿಯನ್ನು ಬಿಸಿಲು ಬೀಳದ ಕಡೆ ಇಡಿ. ಮಳೆನೀರು ಅಥವಾ ಬಾವಿಯ ನೀರು ಒಳ್ಳೆಯದು. ನಲ್ಲಿಯ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಹಾಕಿ.
2. ಮುಂಗಾಲು ಮೂಡಿದ ಕೂಡಲೇ ನೀರನ್ನು ತಗ್ಗಿಸಿ, ಕಲ್ಲೊಂದನ್ನು ಓರೆಯಾಗಿಡಿ. ಆಗ ಕಿವಿರು ಹೋಗಿ ಶ್ವಾಸಕೋಶ ಬರುತ್ತದೆ. ಹತ್ತಿ ಕೂರಲು ನೆಲವಿಲ್ಲದ ಮರಿ ಮುಳುಗಿ ಸಾಯುತ್ತದೆ.
3. ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿದು ಸುತ್ತಲೂ ದಾರ ಕಟ್ಟಿ. ತಂತಿಬಲೆ ಬೇಡ, ಮೂತಿ ತರಚುತ್ತದೆ, ತುಕ್ಕೂ ಹಿಡಿಯುತ್ತದೆ.
4. ಸಂಜೆ ಬೀಗ ಹಾಕುವ ಮೊದಲು ಒಬ್ಬರು ಎಣಿಸಿ, ಇನ್ನೊಬ್ಬರು ಮುಚ್ಚಳ ನೋಡಬೇಕು.

ತಪ್ಪಿಸಿಕೊಂಡರೆ?

ಉಭಯವಾಸಿಗಳು ಚರ್ಮದ ಮೂಲಕವೂ ಉಸಿರಾಡುತ್ತವೆ. ಚರ್ಮ ಒಣಗಿದರೆ ಪ್ರಾಣಕ್ಕೇ ಕುತ್ತು. ಮಡಕಶಿರದಂಥ ಮಳೆ ಕಡಿಮೆಯ ಊರಿನ ಒಣ ಗಾಳಿಯಲ್ಲಿ ಪುಟ್ಟ ಮರಿಗೆ ಒಂದು ರಾತ್ರಿಯೂ ಬಹಳ. ಬಾಗಿಲು ಮುಚ್ಚಿ, ಕಾಲಿನ ಕೆಳಗೆ ನೋಡಿಕೊಂಡು ನಡೆಯಿರಿ. ಗೋಡೆಯ ಅಂಚು, ನೀರಿನ ಮಡಕೆಯ ಬುಡ, ಗೋಣಿಚೀಲದ ಅಡಿ ಹುಡುಕಿ. ಮೂಲೆಗಳಲ್ಲಿ ಒದ್ದೆಬಟ್ಟೆ ಹಾಕಿಟ್ಟರೆ ತಾವಾಗಿ ಬಂದು ಸೇರಬಹುದು. ಒದ್ದೆ ಕೈಯಿಂದ ಎತ್ತಿ, ತೆಳುವಾದ ನೀರಿನಲ್ಲಿ ಬಿಡಿ. ಒಣಗಿದಂತೆ ಕಂಡರೂ ನೀರು ಮುಟ್ಟಿಸದೆ ಆಸೆ ಬಿಡಬೇಡಿ.

ಎಲ್ಲಿ ಬಿಡಬೇಕು?

ತಂದ ಜಾಗದಲ್ಲಿಯೇ ಬಿಡಬೇಕು. ಬೇರೆ ಕುಂಟೆಗೆ ಬಿಟ್ಟರೆ ರೋಗವೂ ಜೊತೆಯಲ್ಲಿ ಹೋದೀತು. ಸಾಕುಪ್ರಾಣಿಗಳ ವ್ಯಾಪಾರದೊಡನೆ ಏಷ್ಯಾದಿಂದ ಯುರೋಪಿಗೆ ಹೋಯಿತೆಂದು ತಿಳಿಯಲಾದ ಒಂದು ಶಿಲೀಂಧ್ರವನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಅದು ನೆದರ್‌ಲ್ಯಾಂಡಿನ ಬೆಂಕಿ ಸ್ಯಾಲಮ್ಯಾಂಡರುಗಳನ್ನು ಬಹುಮಟ್ಟಿಗೆ ಅಳಿಸಿಹಾಕಿತ್ತು. ಈ ಭಯದಿಂದ ಅಮೆರಿಕ 2016ರಲ್ಲಿ 201 ಜಾತಿಯ ಸ್ಯಾಲಮ್ಯಾಂಡರುಗಳ ಆಮದನ್ನು ತಡೆಯಿತು. ನಮ್ಮ ನಾಡಿನ ಗೂಳಿಗಪ್ಪೆಯೇ ಅಂಡಮಾನಿಗೆ ಸೇರಿ ಅಲ್ಲಿನ ಚಿಕ್ಕ ಜೀವಿಗಳನ್ನು ತಿನ್ನುತ್ತಿದೆ.

ನಾವು ತಂದಿಟ್ಟುಕೊಂಡ ಜೀವ ನಮ್ಮನ್ನು ಕೇಳಿ ಬಂದುದಲ್ಲ. ಅದು ಬಂದ ನೀರಿಗೆ ಮರಳುವ ತನಕ ಮುಚ್ಚಳದ ಹೊಣೆ ನಮ್ಮದು.

ಅಭ್ಯಾಸ

1. ಮುಂಗಾಲು ಮೂಡಿದ ಮೇಲೆ ತೊಟ್ಟಿಯ ನೀರನ್ನು ಏಕೆ ತಗ್ಗಿಸಬೇಕು?
2. ಹಲ್ಲಿಗೂ ಸ್ಯಾಲಮ್ಯಾಂಡರಿಗೂ ಇರುವ ವ್ಯತ್ಯಾಸವೇನು?
3. ನಿಮ್ಮೂರಿನ ಕುಂಟೆಯಲ್ಲಿ ಮೊದಲ ಮಳೆಯ ಮೇಲೆ ಎಷ್ಟು ಬಗೆಯ ಕಪ್ಪೆದನಿ ಕೇಳುತ್ತದೆ? ಹಿಡಿಯದೆ, ದೂರದಿಂದ ಕೇಳಿ ಬರೆಯಿರಿ.